ಕಾಡ್ಗಿಚ್ಚು ಆರಿಸುವವರ ಆರೋಗ್ಯ: ಅಪಾಯವನ್ನು ಅಳೆಯುವುದು ಹೇಗೆ?

ಕಾಡಿಗೆ ಬೆಂಕಿ ಬಿದ್ದಾಗ ಅದನ್ನು ಆರಿಸಲು ಹೋಗುವವರಿಗೆ ಇರುವ ಅಪಾಯ ಯಾವುದು? ಈ ಪ್ರಶ್ನೆಯನ್ನು ನಿಮ್ಮ ತರಗತಿಯಲ್ಲಿ ಕೇಳಿ ನೋಡಿ. 'ಮೈ ಸುಟ್ಟುಕೊಳ್ಳುವುದು' ಎಂಬ ಉತ್ತರ ಮೊದಲು ಬರುತ್ತದೆ. ಉತ್ತರ ಸರಿ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸುತ್ತಿದ್ದ ಅರಣ್ಯ ರಕ್ಷಕರೊಬ್ಬರು ಜ್ವಾಲೆಗೆ ಸಿಕ್ಕಿ ಮೃತಪಟ್ಟರು. 2020ರ ಫೆಬ್ರವರಿಯಲ್ಲಿ ಕೇರಳದ ತ್ರಿಶೂರು ಜಿಲ್ಲೆಯ ಕೊಟ್ಟಂಬತ್ತೂರಿನಲ್ಲಿ ಮೂವರು ಅರಣ್ಯ ವಾಚರ್‌ಗಳು ಬೆಂಕಿಗೆ ಬಲಿಯಾದರು. 2023ರ ಫೆಬ್ರವರಿಯಲ್ಲಿ ನಮ್ಮ ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ಕಾಡುಮನೆ ಬಳಿ ಹೊತ್ತಿದ ಬೆಂಕಿಯಲ್ಲಿ ಸುಟ್ಟ ಗಾಯಗಳಾಗಿ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. ಜೊತೆಯಲ್ಲಿದ್ದ ಸಿಬ್ಬಂದಿಯೂ ಗಾಯಗೊಂಡರು.

ಇಂಥ ಸಾವುಗಳು ಸುದ್ದಿಯಾಗುತ್ತವೆ, ಆಗಲೇಬೇಕು. ಆದರೆ ಅದೇ ಬೆಂಕಿಯನ್ನು ಆರಿಸಿ, ಮೈಯೆಲ್ಲ ಮಸಿಯಾಗಿ, ತಲೆ ಸಿಡಿಯುತ್ತ, ಕೆಮ್ಮುತ್ತ ಮನೆಗೆ ಮರಳಿದವರ ವಿಷಯ ಏನು? ಅವರಿಗೆ ಗಾಯವಿಲ್ಲ, ಆದ್ದರಿಂದ ಲೆಕ್ಕದಲ್ಲೂ ಇಲ್ಲ. ವಿಜ್ಞಾನದ ದೃಷ್ಟಿಯಿಂದ ನೋಡಿದರೆ ಇದು ಅಪೂರ್ಣ ಲೆಕ್ಕ. ಕಣ್ಣಿಗೆ ಕಾಣುವ ಜ್ವಾಲೆಯಷ್ಟೇ ಕಾಣದ ಹೊಗೆ, ಬಿಸಿ ಮತ್ತು ಬಳಲಿಕೆಗಳನ್ನೂ ಅಳೆಯಬಹುದು. ಅದಕ್ಕೆ ಬೇಕಾದ ಗಣಿತ ಪ್ರೌಢಶಾಲೆಯ ಮಟ್ಟದ್ದು. ಅದು ಹೇಗೆಂಬುದನ್ನು ಈ ಲೇಖನದಲ್ಲಿ ನೋಡೋಣ.

ಬೆಂಕಿ ಆರಿಸುವವರು ಯಾರು?

ಕರ್ನಾಟಕದಲ್ಲಿ ಕಾಡ್ಗಿಚ್ಚಿನ ಕಾಲ ಸಾಮಾನ್ಯವಾಗಿ ಜನವರಿಯಿಂದ ಮೇ ತಿಂಗಳವರೆಗೆ. ಫೆಬ್ರವರಿ ಮತ್ತು ಮಾರ್ಚ್ ಅತ್ಯಂತ ಬಿಕ್ಕಟ್ಟಿನ ತಿಂಗಳುಗಳು. ಈ ಕಾಲಕ್ಕೆ ಮುಂಚೆಯೇ ಅರಣ್ಯ ಇಲಾಖೆ ಬೆಂಕಿ ರೇಖೆಗಳನ್ನು ಸವರಿ, ಒಣಹುಲ್ಲನ್ನು ಸುಟ್ಟು ತೆರವು ಮಾಡುತ್ತದೆ. ಕಾಡಂಚಿನ ಊರುಗಳಿಂದ ದಿನಗೂಲಿಯ ಮೇಲೆ ಬೆಂಕಿ ಕಾವಲುಗಾರರನ್ನು, ಅಂದರೆ ಫೈರ್ ವಾಚರ್‌ಗಳನ್ನು, ನೇಮಿಸಿಕೊಳ್ಳುತ್ತದೆ. ಅಗ್ನಿಶಾಮಕ ಠಾಣೆಯ ವಾಹನ ರಸ್ತೆ ಇರುವವರೆಗೆ ಮಾತ್ರ ಹೋಗಬಲ್ಲದು. ಅಲ್ಲಿಂದ ಮುಂದೆ ಕೆಲಸ ಮಾಡುವುದು ಮನುಷ್ಯರ ಕೈ. ಹಸಿ ಸೊಪ್ಪಿನ ಕೊಂಬೆ, ಮಚ್ಚು, ಕುಂಟೆ, ಬೆನ್ನಿಗೆ ಕಟ್ಟಿಕೊಂಡ ನೀರಿನ ಪಂಪು, ಈಚಿನ ವರ್ಷಗಳಲ್ಲಿ ತರಗೆಲೆ ಹಾರಿಸುವ ಬ್ಲೋಯರ್. ಇವೇ ಅವರ ಆಯುಧಗಳು.

ಹಾಸನ ಜಿಲ್ಲೆಯನ್ನೇ ತೆಗೆದುಕೊಳ್ಳಿ. ಪಶ್ಚಿಮದ ಸಕಲೇಶಪುರದಲ್ಲಿ ವರ್ಷಕ್ಕೆ 2000 ಮಿ.ಮೀ.ಗೂ ಹೆಚ್ಚು ಮಳೆ. ಅಲ್ಲಿಂದ ಪೂರ್ವಕ್ಕೆ ಸುಮಾರು 80 ಕಿ.ಮೀ. ಬಂದರೆ ಸಿಗುವ ಚನ್ನರಾಯಪಟ್ಟಣದಲ್ಲಿ 700 ಮಿ.ಮೀ. ಆಸುಪಾಸು. ಮಳೆ ಇಷ್ಟು ಬೇಗ ಇಳಿಯುವುದರಿಂದ ಉರಿಯುವ ವಸ್ತುವೂ ಬದಲಾಗುತ್ತದೆ. ಪಶ್ಚಿಮದಲ್ಲಿ ಕಡಿದಾದ ಇಳಿಜಾರು, ಎತ್ತರದ ಹುಲ್ಲು, ಅದರ ಕೆಳಗೆ ದಟ್ಟ ಕಾಡು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಕುರುಚಲು ಕಾಡು, ಹುಲ್ಲುಗುಡ್ಡ, ಗೋಮಾಳ, ನೀಲಗಿರಿ ಮತ್ತು ಅಕೇಶಿಯ ನೆಡುತೋಪು, ಲಂಟಾನ ಪೊದೆ. ಇಲ್ಲಿನ ಬೆಂಕಿ ವಿಸ್ತಾರದಲ್ಲಿ ಚಿಕ್ಕದು, ಆದರೆ ಊರಿಗೆ ಹತ್ತಿರ. ಆದ್ದರಿಂದ ಅದನ್ನು ಆರಿಸಲು ಇಲಾಖೆಯವರ ಜೊತೆ ರೈತರು, ದನಗಾಹಿಗಳು, ಕಾಲೇಜು ಹುಡುಗರು ಮುಖಕ್ಕೆ ಟವೆಲ್ ಸುತ್ತಿಕೊಂಡು ನುಗ್ಗುತ್ತಾರೆ. ಇವರಲ್ಲಿ ಹೆಚ್ಚಿನವರಿಗೆ ತರಬೇತಿ ಇರುವುದಿಲ್ಲ.

ಅಪಾಯಕಾರಕ ಬೇರೆ, ಅಪಾಯ ಸಂಭವ ಬೇರೆ

ಮುಂದೆ ಹೋಗುವ ಮುನ್ನ ಎರಡು ಪದಗಳನ್ನು ಬಿಡಿಸಿಕೊಳ್ಳೋಣ. ಹಾನಿ ಮಾಡಬಲ್ಲ ಗುಣವುಳ್ಳ ವಸ್ತು ಅಥವಾ ಸ್ಥಿತಿಯನ್ನು 'ಅಪಾಯಕಾರಕ' ಎನ್ನೋಣ. ಅದರಿಂದ ನಿರ್ದಿಷ್ಟ ವ್ಯಕ್ತಿಗೆ ನಿಜವಾಗಿ ಹಾನಿಯಾಗುವ ಸಾಧ್ಯತೆ ಎಷ್ಟು, ಆದರೆ ಎಷ್ಟು ತೀವ್ರ ಎಂಬುದೇ 'ಅಪಾಯ ಸಂಭವ'. ಬೀರುವಿನೊಳಗೆ ಬೀಗ ಹಾಕಿಟ್ಟ ಗಂಧಕಾಮ್ಲ ಅಪಾಯಕಾರಕ. ಅದೇ ಸೀಸೆ ತೆರೆದು ಮೇಜಿನ ಅಂಚಿನಲ್ಲಿದ್ದರೆ ಅಪಾಯ ಸಂಭವ ಹೆಚ್ಚು. ಆಮ್ಲ ಬದಲಾಗಿಲ್ಲ, ನಾವು ಅದಕ್ಕೆ ಒಡ್ಡಿಕೊಳ್ಳುವ ಬಗೆ ಬದಲಾಗಿದೆ.

ಆರೋಗ್ಯದ ಅಪಾಯ ಸಂಭವವನ್ನು ಅಂದಾಜು ಮಾಡಲು ನಾಲ್ಕು ಹಂತಗಳ ಕ್ರಮವೊಂದಿದೆ. 1983ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನ ಮಂಡಳಿ ಇದನ್ನು ವಿವರಿಸಿತು. ಅಪಾಯಕಾರಕಗಳನ್ನು ಗುರುತಿಸುವುದು, ಎಷ್ಟು ಪ್ರಮಾಣಕ್ಕೆ ಎಂಥ ಪರಿಣಾಮ ಎಂದು ತಿಳಿಯುವುದು, ವ್ಯಕ್ತಿ ಎಷ್ಟಕ್ಕೆ ಒಡ್ಡಿಕೊಂಡ ಎಂದು ಅಳೆಯುವುದು, ಕೊನೆಗೆ ಇವೆಲ್ಲವನ್ನೂ ಕೂಡಿಸಿ ತೂಗಿ ನೋಡುವುದು. ಈ ನಾಲ್ಕೂ ಹಂತಗಳನ್ನು ಕಾಡ್ಗಿಚ್ಚಿಗೆ ಅನ್ವಯಿಸೋಣ.

ಮೊದಲ ಹಂತ: ಏನೇನು ಹಾನಿ ಮಾಡಬಲ್ಲದು?

ಒಂದನೆಯದು ಜ್ವಾಲೆ. ಜ್ವಾಲೆ ಮೈಗೆ ತಾಗಬೇಕೆಂದಿಲ್ಲ, ಅದರ ವಿಕಿರಣದ ಶಾಖವೇ ಚರ್ಮವನ್ನು ಸುಡಬಲ್ಲದು. ಬೆಂಕಿ ಇಳಿಜಾರಿನಲ್ಲಿ ಮೇಲೇರುವಾಗ ಜ್ವಾಲೆ ಗುಡ್ಡದ ಕಡೆಗೆ ಬಾಗಿ ಮುಂದಿನ ಹುಲ್ಲನ್ನು ಮೊದಲೇ ಒಣಗಿಸಿ ಬಿಸಿ ಮಾಡಿರುತ್ತದೆ. ಹೀಗಾಗಿ ಇಳಿಜಾರು ಪ್ರತಿ 10 ಡಿಗ್ರಿ ಹೆಚ್ಚಿದಂತೆ ಬೆಂಕಿಯ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಅನುಭವದ ಸೂತ್ರ. ಸಮತಟ್ಟಿನಲ್ಲಿ ಗಂಟೆಗೆ 1 ಕಿ.ಮೀ. ಸಾಗುವ ಬೆಂಕಿ 30 ಡಿಗ್ರಿ ಇಳಿಜಾರಿನಲ್ಲಿ ಗಂಟೆಗೆ ಸುಮಾರು 8 ಕಿ.ಮೀ. ವೇಗದಲ್ಲಿ ಏರಬಹುದು. ಅಂಥ ಗುಡ್ಡವನ್ನು ಮನುಷ್ಯ ಆ ವೇಗದಲ್ಲಿ ಹತ್ತಲಾರ. ಬೆಂಕಿಯ ಮೇಲ್ಭಾಗದಲ್ಲಿ ನಿಲ್ಲಬಾರದು ಎನ್ನುವುದು ಇದಕ್ಕೇ.

ಎರಡನೆಯದು ಹೊಗೆ. ಮೂರನೆಯದು ದೇಹದ ಉಷ್ಣತೆಯ ಏರಿಕೆ ಮತ್ತು ನಿರ್ಜಲತೆ. ನಾಲ್ಕನೆಯದು ಶ್ರಮದಿಂದ ಹೃದಯದ ಮೇಲೆ ಬೀಳುವ ಒತ್ತಡ. ಅಮೆರಿಕದಲ್ಲಿ ಕಾಡ್ಗಿಚ್ಚು ಆರಿಸುವವರ ಕರ್ತವ್ಯದ ಸಾವುಗಳನ್ನು ವರ್ಗೀಕರಿಸಿದಾಗ ಜ್ವಾಲೆಗೆ ಸಿಕ್ಕಿದ್ದು, ವಾಹನ ಮತ್ತು ವಿಮಾನ ಅಪಘಾತ ಇವುಗಳ ಜೊತೆಗೆ ಹೃದಯಾಘಾತವೂ ಮುಖ್ಯ ಕಾರಣಗಳ ಸಾಲಿನಲ್ಲಿ ನಿಲ್ಲುತ್ತದೆ. ಐದನೆಯದು ಇತರ ಆಕಸ್ಮಿಕಗಳು: ಬುಡ ಸುಟ್ಟು ಬೀಳುವ ಮರ, ಉರುಳುವ ಕಲ್ಲು, ಕತ್ತಲಲ್ಲಿ ಕಾಲು ಜಾರುವುದು, ಹೆಜ್ಜೇನು, ಹಾವು. ಸಕಲೇಶಪುರ ಮತ್ತು ಆಲೂರಿನ ಕಡೆ ಬೆಂಕಿಗೆ ಬೆದರಿದ ಆನೆಯನ್ನೂ ಈ ಪಟ್ಟಿಗೆ ಸೇರಿಸಬೇಕು.

ಹೊಗೆಯೊಳಗೆ ಏನಿದೆ?

ಕಟ್ಟಿಗೆ ಮತ್ತು ಹುಲ್ಲು ಸಂಪೂರ್ಣವಾಗಿ ಉರಿದರೆ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿ ಉಳಿಯಬೇಕು. ಕಾಡಿನಲ್ಲಿ ಆಕ್ಸಿಜನ್ ಎಲ್ಲ ಕಡೆಗೂ ಸಮನಾಗಿ ಸಿಗುವುದಿಲ್ಲ, ತೇವವೂ ಇರುತ್ತದೆ. ಆದ್ದರಿಂದ ದಹನ ಅಪೂರ್ಣ. ಹೊಗೆಯಲ್ಲಿ ಕಾರ್ಬನ್ ಮೋನಾಕ್ಸೈಡ್, ಕಣ್ಣು ಗಂಟಲನ್ನು ಉರಿಸುವ ಫಾರ್ಮಾಲ್ಡಿಹೈಡ್ ಮತ್ತು ಆಕ್ರೋಲೀನ್, ಬೆಂಜೀನ್, ಹಲವು ಉಂಗುರಗಳುಳ್ಳ ಸುಗಂಧಿತ ಹೈಡ್ರೋಕಾರ್ಬನ್‌ಗಳು, ಜೊತೆಗೆ ಅತಿ ಸೂಕ್ಷ್ಮ ಕಣಗಳಿರುತ್ತವೆ. ಈ ಕಣಗಳಲ್ಲಿ ಬಹುಪಾಲು 1 ಮೈಕ್ರೋಮೀಟರಿಗಿಂತ ಚಿಕ್ಕವು. 2.5 ಮೈಕ್ರೋಮೀಟರಿಗಿಂತ ಚಿಕ್ಕದಾದ ಎಲ್ಲ ಕಣಗಳನ್ನು ಒಟ್ಟಾಗಿ ಪಿಎಂ 2.5 ಎನ್ನುತ್ತಾರೆ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರೋಮೀಟರ್ ಎಂದುಕೊಂಡರೆ ಈ ಕಣಗಳು ಎಷ್ಟು ಚಿಕ್ಕವು ಎಂದು ಊಹಿಸಿಕೊಳ್ಳಿ. ಮೂಗಿನ ರೋಮ, ಗಂಟಲಿನ ಲೋಳೆ ಇವನ್ನು ತಡೆಯಲಾರವು. ಇವು ಶ್ವಾಸಕೋಶದ ಗಾಳಿಗೂಡುಗಳವರೆಗೆ ಇಳಿಯುತ್ತವೆ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಭಗ್ಗನೆ ಉರಿಯುವ ಬೆಂಕಿಗಿಂತ ಬೂದಿ ಮುಚ್ಚಿದ ಕೆಂಡದಂತೆ ಒಳಗೊಳಗೆ ಹೊಗೆಯಾಡುವ ಬೆಂಕಿ, ಸುಟ್ಟ ಪ್ರತಿ ಕಿಲೋ ಕಟ್ಟಿಗೆಗೆ ಹೆಚ್ಚು ಕಾರ್ಬನ್ ಮೋನಾಕ್ಸೈಡ್ ಮತ್ತು ಹೆಚ್ಚು ಕಣಗಳನ್ನು ಹೊರಬಿಡುತ್ತದೆ. ಅಂದರೆ 'ಬೆಂಕಿ ಹತೋಟಿಗೆ ಬಂತು' ಎಂದು ಎಲ್ಲರೂ ನಿಟ್ಟುಸಿರು ಬಿಟ್ಟ ಮೇಲೆ, ಕೊರಡು ಬೊಡ್ಡೆಗಳ ಕೆಂಡ ಆರಿಸಲು ಗಂಟೆಗಟ್ಟಲೆ ಬಾಗಿ ಕೆಲಸ ಮಾಡುವವರು ಕೆಟ್ಟ ಹೊಗೆಯನ್ನು ಕುಡಿಯುತ್ತಿರುತ್ತಾರೆ. ಈ ಕೆಲಸ ಹೆಚ್ಚಾಗಿ ದಿನಗೂಲಿಯವರ ಪಾಲಿಗೆ ಬರುವಂಥದ್ದು.

ಎರಡನೆಯ ಹಂತ: ಎಷ್ಟಾದರೆ ಏನಾಗುತ್ತದೆ?

ಕಾರ್ಬನ್ ಮೋನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನ್ ಆಕ್ಸಿಜನ್ನಿಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಹೀಗೆ ಆಗುವ ಕಾರ್ಬಾಕ್ಸಿ ಹೀಮೋಗ್ಲೋಬಿನ್ ಆಕ್ಸಿಜನ್ ಸಾಗಿಸುವ ಕೆಲಸಕ್ಕೆ ಬಾರದು. ಬೀಡಿ ಸಿಗರೇಟು ಸೇದದವರ ರಕ್ತದಲ್ಲಿ ಇದು ಸಾಮಾನ್ಯವಾಗಿ ಶೇಕಡ 1ರಿಂದ 2. ಶೇಕಡ 10 ದಾಟಿದರೆ ತಲೆನೋವು, 20ರ ಆಚೆ ತಲೆಸುತ್ತು, ವಾಕರಿಕೆ, ಮಂಕು. 40ರಿಂದ 50ಕ್ಕೆ ಮುಟ್ಟಿದರೆ ಪ್ರಜ್ಞೆ ತಪ್ಪುತ್ತದೆ. ಬೆಂಕಿಯ ನಡುವೆ ನಿಂತವನಿಗೆ ಆರಂಭದ ಮಂಕೇ ಸಾಕು. ಯಾವ ಕಡೆ ಓಡಬೇಕು ಎಂಬ ನಿರ್ಧಾರ ಕ್ಷಣ ತಡವಾದರೆ ಹೊಗೆಯ ಅಪಾಯ ಜ್ವಾಲೆಯ ಅಪಾಯವಾಗಿ ಬದಲಾಗುತ್ತದೆ.

ಶುದ್ಧ ಗಾಳಿಗೆ ಬಂದ ಮೇಲೆ ರಕ್ತದಲ್ಲಿನ ಈ ಸಂಯುಕ್ತ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ವಿಕಿರಣಶೀಲ ವಸ್ತುಗಳ ಅರ್ಧಾಯುವಿನಂತೆಯೇ ಇದನ್ನೂ ಲೆಕ್ಕ ಹಾಕಬಹುದು. ಸಂಜೆ 5 ಗಂಟೆಗೆ ಶೇಕಡ 16 ಇದ್ದರೆ ರಾತ್ರಿ 10ಕ್ಕೆ 8, ಬೆಳಗಿನ ಜಾವ 3ಕ್ಕೆ 4, ಬೆಳಗ್ಗೆ 8ಕ್ಕೆ 2. ರಾತ್ರಿಯೂ ಹೊಗೆ ತುಂಬಿದ ಕಣಿವೆಯಲ್ಲೇ ಮಲಗಿದರೆ ಈ ಇಳಿಕೆ ನಡೆಯುವುದಿಲ್ಲ. ಆಸ್ಪತ್ರೆಯಲ್ಲಿ ಶುದ್ಧ ಆಕ್ಸಿಜನ್ ಕೊಟ್ಟರೆ ಅರ್ಧಕ್ಕಿಳಿಯುವ ಅವಧಿ ಒಂದರಿಂದ ಒಂದೂವರೆ ಗಂಟೆಗೆ ತಗ್ಗುತ್ತದೆ.

ಒಂದು ಎಚ್ಚರಿಕೆ. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಮನೆಮನೆಗೂ ಬಂತು. ಈ ಸಾಧನ ಕಾರ್ಬಾಕ್ಸಿ ಹೀಮೋಗ್ಲೋಬಿನ್ನನ್ನೂ ಆಕ್ಸಿಜನ್ ಹೊತ್ತ ಹೀಮೋಗ್ಲೋಬಿನ್ ಎಂದೇ ಎಣಿಸುತ್ತದೆ. ಹೊಗೆ ಕುಡಿದವನ ಬೆರಳಿನಲ್ಲಿ ಅದು 98 ತೋರಿಸಿದರೆ ಅವನು ಕ್ಷೇಮ ಎಂದು ತಿಳಿಯುವಂತಿಲ್ಲ. ತಲೆನೋವು, ವಾಕರಿಕೆ, ಗೊಂದಲ ಇದ್ದರೆ ಯಂತ್ರದ ಅಂಕಿಯನ್ನು ಬದಿಗಿಟ್ಟು ಆಸ್ಪತ್ರೆಗೆ ಕರೆದೊಯ್ಯಬೇಕು.

ಸೂಕ್ಷ್ಮ ಕಣಗಳ ಕಥೆ ಬೇರೆ. ಇವುಗಳ ಪರಿಣಾಮ ಕೆಮ್ಮು, ದಮ್ಮಿನಿಂದ ಆರಂಭವಾಗಿ ವರ್ಷಗಳ ಮೇಲೆ ಶ್ವಾಸಕೋಶ ಮತ್ತು ಹೃದಯದ ಕಾಯಿಲೆಯಾಗಿ ಕಾಣಿಸಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಂತೆ 24 ಗಂಟೆಗಳ ಸರಾಸರಿಯಲ್ಲಿ ಪಿಎಂ 2.5 ಪ್ರತಿ ಘನ ಮೀಟರಿಗೆ 15 ಮೈಕ್ರೋಗ್ರಾಂ ಮೀರಬಾರದು. ಭಾರತದ 2009ರ ಮಾನಕದಲ್ಲಿ ಈ ಮಿತಿ 60, ವಾರ್ಷಿಕ ಸರಾಸರಿಗೆ 40. ಇನ್ನು ಕ್ಯಾನ್ಸರ್ ವಿಷಯ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ 2022ರಲ್ಲಿ ಬೆಂಕಿ ಆರಿಸುವ ವೃತ್ತಿಯ ಒಡ್ಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಒಂದನೆಯ ಗುಂಪಿಗೆ ಸೇರಿಸಿತು. ಅದಕ್ಕೆ ಮುನ್ನ, 2007ರ ಪರಿಶೀಲನೆಯಲ್ಲಿ, ಇದು 'ಸಾಧ್ಯತೆ ಇದೆ' ಎಂಬ ಗುಂಪಿನಲ್ಲಿತ್ತು. 2019ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಂದಾಜಿನ ಪ್ರಕಾರ, 5ರಿಂದ 25 ವರ್ಷ ಕಾಡ್ಗಿಚ್ಚು ಆರಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಸಂಭವ, ಸೇವೆಯ ಅವಧಿಗೆ ತಕ್ಕಂತೆ, ಶೇಕಡ 8ರಿಂದ 43ರಷ್ಟು ಹೆಚ್ಚು.

ಮೂರನೆಯ ಹಂತ: ಒಳಗೆ ಹೋದದ್ದು ಎಷ್ಟು?

ಗಾಳಿಯಲ್ಲಿ ಎಷ್ಟಿದೆ ಎಂದಷ್ಟೇ ಕೇಳಿದರೆ ಸಾಲದು. ಒಳಗೆ ಹೋಗುವ ಪ್ರಮಾಣ ಮೂರು ಸಂಗತಿಗಳ ಗುಣಲಬ್ಧ:

ಒಳಗೆ ಹೋದ ಪ್ರಮಾಣ = ಗಾಳಿಯಲ್ಲಿನ ಸಾಂದ್ರತೆ × ಗಂಟೆಗೆ ಉಸಿರಾಡಿದ ಗಾಳಿ × ಗಂಟೆಗಳು

ಸುಮ್ಮನೆ ಕುಳಿತವರು ನಿಮಿಷಕ್ಕೆ ಸುಮಾರು 8 ಲೀಟರ್ ಗಾಳಿ ಉಸಿರಾಡುತ್ತಾರೆ. ಗುಡ್ಡ ಹತ್ತಿ, ಕೊಂಬೆ ಬೀಸಿ ಬಡಿಯುವವರು 40 ಲೀಟರ್ ಉಸಿರಾಡುವುದು ಸಾಮಾನ್ಯ. ಅಂದರೆ ಗಂಟೆಗೆ 2.4 ಘನ ಮೀಟರ್. ಬೆಂಕಿಯ ಸಾಲಿನಲ್ಲಿ ಸೂಕ್ಷ್ಮ ಕಣಗಳು ಸರಾಸರಿ 500 ಮೈಕ್ರೋಗ್ರಾಂ ಇವೆ ಎಂದಿಟ್ಟುಕೊಳ್ಳಿ. ಅಮೆರಿಕದ ಕಾಡುಗಳಲ್ಲಿ ಕೆಲಸದ ವೇಳೆ ಅಳೆದಾಗ ಸರಾಸರಿ ಹೆಚ್ಚು ಕಡಿಮೆ ಈ ಮಟ್ಟದಲ್ಲಿತ್ತು. ಆರು ಗಂಟೆ ಕೆಲಸ ಮಾಡಿದರೆ:

500 × 2.4 × 6 = 7200 ಮೈಕ್ರೋಗ್ರಾಂ

ಇದನ್ನು ಯಾವುದಕ್ಕೆ ಹೋಲಿಸುವುದು? ವಯಸ್ಕರೊಬ್ಬರು ದಿನಕ್ಕೆ ಸುಮಾರು 15 ಘನ ಮೀಟರ್ ಗಾಳಿ ಉಸಿರಾಡುತ್ತಾರೆ. ಆ ಗಾಳಿ ನಮ್ಮ ಮಾನಕದ ಗರಿಷ್ಠ ಮಿತಿಯಾದ 60ರಲ್ಲಿದ್ದರೆ 60 × 15 = 900 ಮೈಕ್ರೋಗ್ರಾಂ. ಅಂದರೆ ಆರು ಗಂಟೆಗಳ ಕೆಲಸ ಎಂಟು ದಿನಗಳ ಮಿತಿಗೆ ಸಮ. ಒಂದು ಬೇಸಗೆಯಲ್ಲಿ ಇಂಥ 40 ದಿನ ಕೆಲಸ ಮಾಡಿದರೆ 288 ಮಿಲಿಗ್ರಾಂ. ವಾರ್ಷಿಕ ಮಿತಿಯಾದ 40ರ ಗಾಳಿಯನ್ನು ಇಡೀ ವರ್ಷ ಉಸಿರಾಡಿದರೂ ಆಗುವುದು 219 ಮಿಲಿಗ್ರಾಂ. ವರ್ಷದ ಪಾಲನ್ನು ಮೀರಿದ ಹೊಗೆ ನಲವತ್ತು ದಿನಗಳಲ್ಲಿ ಒಳಗೆ ಹೋಯಿತು. ಉಸಿರಿನೊಂದಿಗೆ ಹೋದದ್ದೆಲ್ಲ ಒಳಗೇ ಉಳಿಯುವುದಿಲ್ಲ, ಒಂದು ಭಾಗ ಹೊರಬರುತ್ತದೆ. ಆದರೂ ಹೋಲಿಕೆಗೆ ಈ ಲೆಕ್ಕ ಸಾಕು.

ಇನ್ನೊಂದು ಮಾತು. ಒಡ್ಡಿಕೆ ಕಾಡಿನಲ್ಲಿ ಶುರುವಾಗಿ ಕಾಡಿನಲ್ಲೇ ಮುಗಿಯುವುದಿಲ್ಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಸುತ್ತ ಹೊಗೆಸೊಪ್ಪು ಬೆಳೆಯುತ್ತಾರೆ. ಎಲೆ ಹದಮಾಡುವ ಬ್ಯಾರನ್ನಿನ ಒಲೆಗೆ ರಾತ್ರಿಯಿಡೀ ಸೌದೆ ಹಾಕಿ ಹೊಗೆ ಕುಡಿದವರೇ ಬೇಸಗೆಯಲ್ಲಿ ಬೆಂಕಿ ಕಾಯಲು ಹೋಗಬಹುದು. ಮನೆಯಲ್ಲಿ ಸೌದೆ ಒಲೆ, ಬಿಡುವಿನಲ್ಲಿ ಬೀಡಿ. ಶ್ವಾಸಕೋಶ ಇವನ್ನೆಲ್ಲ ಬೇರೆ ಬೇರೆ ಖಾತೆಯಲ್ಲಿ ಬರೆದುಕೊಳ್ಳುವುದಿಲ್ಲ, ಕೂಡಿಸುತ್ತಲೇ ಹೋಗುತ್ತದೆ.

ಬಿಸಿಯ ಲೆಕ್ಕ

ಹಾಸನದ ಹವೆ ತಂಪು ಎಂಬ ಹೆಸರಿದೆ. ಆದರೆ ಬೆಂಕಿ ಆರಿಸುವವರನ್ನು ಬಳಲಿಸುವ ಬಿಸಿಯಲ್ಲಿ ದೊಡ್ಡ ಪಾಲು ಅವರ ಸ್ನಾಯುಗಳಲ್ಲೇ ಹುಟ್ಟುತ್ತದೆ. ಭಾರವಾದ ದುಡಿಮೆಯಲ್ಲಿ ದೇಹ ಸುಮಾರು 500 ವಾಟ್ ದರದಲ್ಲಿ ಶಕ್ತಿ ವ್ಯಯಿಸುತ್ತದೆ. ಅದರಲ್ಲಿ 400 ವಾಟ್‌ನಷ್ಟು ಬರೀ ಶಾಖ. ಒಂದು ಗಂಟೆಗೆ ಇದು 14 ಲಕ್ಷ ಜೂಲ್‌ಗೂ ಹೆಚ್ಚು. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 24 ಲಕ್ಷ ಜೂಲ್ ಹೊರಹೋಗುತ್ತದೆ. ಹಾಗಾದರೆ ಸ್ನಾಯುಗಳ ಶಾಖವನ್ನು ಕಳೆಯಲಷ್ಟೇ ಗಂಟೆಗೆ 0.6 ಲೀಟರ್ ಬೆವರು ಬೇಕು. ಬಿಸಿಲು, ಬೆಂಕಿಯ ವಿಕಿರಣ ಮತ್ತು ಆವಿಯಾಗದೆ ತೊಟ್ಟಿಕ್ಕುವ ಬೆವರನ್ನು ಸೇರಿಸಿದರೆ ಗಂಟೆಗೆ ಒಂದು ಲೀಟರ್ ಆಗುವುದು ಸಹಜ. ಆದ್ದರಿಂದಲೇ 15ರಿಂದ 20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕೆಂಬ ಸಲಹೆ. ಬಾಯಾರಿಕೆಯಾಗುವವರೆಗೆ ಕಾಯಬಾರದು.

ವಾತಾವರಣದ ಒತ್ತಡವನ್ನು ಒಂದೇ ಅಂಕಿಯಲ್ಲಿ ಹೇಳುವ ಸೂಚ್ಯಂಕವಿದೆ. ಅದಕ್ಕೆ ಆರ್ದ್ರಬಲ್ಬ್–ಗೋಳ ತಾಪಾಂಕ ಎನ್ನಬಹುದು. ಬಿಸಿಲಿನಲ್ಲಿ ಅದರ ಸೂತ್ರ ಹೀಗಿದೆ:

ಸೂಚ್ಯಂಕ = 0.7 × ಒದ್ದೆ ಬಲ್ಬಿನ ಉಷ್ಣತೆ + 0.2 × ಕಪ್ಪು ಗೋಳದ ಉಷ್ಣತೆ + 0.1 × ಗಾಳಿಯ ಉಷ್ಣತೆ

ಮಾರ್ಚಿಯ ಒಂದು ಮಧ್ಯಾಹ್ನ ಈ ಮೂರೂ ಕ್ರಮವಾಗಿ 22, 48 ಮತ್ತು 34 ಡಿಗ್ರಿ ಸೆಲ್ಸಿಯಸ್ ಇದ್ದರೆ 15.4 + 9.6 + 3.4 = 28.4. ಭಾರವಾದ ಕೆಲಸವನ್ನು ಎಡೆಬಿಡದೆ ಮಾಡಲು, ಬಿಸಿಗೆ ಹೊಂದಿಕೊಂಡ ದೇಹಕ್ಕೂ, ಅಂತರರಾಷ್ಟ್ರೀಯ ಮಾನಕ ಸುಮಾರು 26 ಡಿಗ್ರಿಯ ಮಿತಿ ಹೇಳುತ್ತದೆ. ಗಾಳಿಯ ಉಷ್ಣತೆ 34 ಎಂದು ಕೇಳಿದಾಗ ಗಾಬರಿಯಾಗದ ನಾವು, 28.4ಕ್ಕೆ ಎಚ್ಚೆತ್ತುಕೊಳ್ಳಬೇಕು. ಅಂಥ ಹೊತ್ತಿನಲ್ಲಿ ಕೆಲಸದ ನಡುವೆ ನೆರಳಿನ ವಿರಾಮ ಕಡ್ಡಾಯ.

ದೇಹ ಬಿಸಿಗೆ ಹೊಂದಿಕೊಳ್ಳಲು 7ರಿಂದ 14 ದಿನ ಹಿಡಿಯುತ್ತದೆ. ಬೆಂಕಿ ಹೊತ್ತಿದ ದಿನವೇ ಊರಿನಿಂದ ಕರೆತಂದ ಹೊಸಬರಿಗೆ ಈ ಅವಕಾಶ ಸಿಕ್ಕಿರುವುದಿಲ್ಲ. ಮೊದಲ ದಿನ ಪೂರ್ಣ ಕೆಲಸದ ಐದನೆಯ ಒಂದು ಭಾಗ ಮಾತ್ರ ಕೊಟ್ಟು, ದಿನದಿನಕ್ಕೆ ಹೆಚ್ಚಿಸುತ್ತ ಹೋಗಬೇಕೆಂದು ಔದ್ಯೋಗಿಕ ಆರೋಗ್ಯ ತಜ್ಞರು ಹೇಳುತ್ತಾರೆ. ಬೆವರು ನಿಂತು, ಮಾತು ತೊದಲಿ, ಮೈ ಕೆಂಡವಾದರೆ ಅದು ಉಷ್ಣಾಘಾತ. ದೇಹದ ಒಳ ಉಷ್ಣತೆ 40 ಡಿಗ್ರಿ ದಾಟಿರುತ್ತದೆ. ಬೆವರು ಇನ್ನೂ ಹರಿಯುತ್ತಿರುವಾಗಲೂ ಉಷ್ಣಾಘಾತ ಆಗಬಹುದು ಎಂಬುದನ್ನು ಮರೆಯಬಾರದು. ಕೂಡಲೇ ನೀರು ಸುರಿದು, ಗಾಳಿ ಹಾಕಿ ಮೈ ತಂಪು ಮಾಡುತ್ತಲೇ ಆಸ್ಪತ್ರೆಗೆ ಸಾಗಿಸಬೇಕು.

ನಾಲ್ಕನೆಯ ಹಂತ: ತೂಗಿ ನೋಡುವುದು

ಈಗ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕೋಣ. ಸಂಭವನೀಯತೆಗೆ 1ರಿಂದ 5, ತೀವ್ರತೆಗೆ 1ರಿಂದ 5 ಅಂಕ ಕೊಟ್ಟು ಗುಣಿಸುವುದು ಸರಳ ವಿಧಾನ. ಚನ್ನರಾಯಪಟ್ಟಣದ ಕಡೆಯ ಒಂದು ಹುಲ್ಲುಗುಡ್ಡ, ಇಳಿಜಾರು ಕಡಿಮೆ, ಮಧ್ಯಾಹ್ನದ ಬೆಂಕಿ ಎಂದುಕೊಳ್ಳಿ. ಜ್ವಾಲೆಗೆ ಸಿಕ್ಕುವ ಸಂಭವ 2, ತೀವ್ರತೆ 5, ಒಟ್ಟು 10. ಹೊಗೆ: ಸಂಭವ 5, ತೀವ್ರತೆ 3, ಒಟ್ಟು 15. ಬಿಸಿ ಮತ್ತು ನಿರ್ಜಲತೆ: ಸಂಭವ 4, ತೀವ್ರತೆ 4, ಒಟ್ಟು 16. ಎಲ್ಲರ ಕಣ್ಣು ಜ್ವಾಲೆಯ ಮೇಲಿದ್ದರೂ ಅಂಕಗಳು ಬೇರೆ ಕಥೆ ಹೇಳುತ್ತವೆ. ಇದೇ ಲೆಕ್ಕವನ್ನು ಪಶ್ಚಿಮದ ಕಡಿದಾದ ಇಳಿಜಾರಿಗೆ ಹಾಕಿದರೆ ಜ್ವಾಲೆಯ ಸಂಭವ 4ಕ್ಕೇರಿ ಒಟ್ಟು 20 ಆಗುತ್ತದೆ. ಸ್ಥಳ ಬದಲಾದರೆ ಆದ್ಯತೆಯೂ ಬದಲಾಗುತ್ತದೆ. ಒಂದು ನಿಯಮವನ್ನು ಮಾತ್ರ ಸಡಿಲಿಸುವಂತಿಲ್ಲ: ತೀವ್ರತೆ 5 ಇರುವ ಯಾವ ಅಪಾಯವನ್ನೂ ಒಟ್ಟು ಅಂಕ ಕಡಿಮೆ ಎಂದು ಬಿಟ್ಟುಬಿಡಬಾರದು. ಜ್ವಾಲೆ ಒಮ್ಮೆ ಸುತ್ತುವರಿದರೆ ಎರಡನೆಯ ಅವಕಾಶವಿಲ್ಲ.

ಒದ್ದೆ ಟವೆಲ್ ಸಾಕೆ?

ಮುಖಕ್ಕೆ ಒದ್ದೆ ಟವೆಲ್ ಕಟ್ಟಿಕೊಂಡರೆ ಹೊಗೆ ತಾಗುವುದಿಲ್ಲ ಎಂಬ ನಂಬಿಕೆ ವ್ಯಾಪಕ. ಬಟ್ಟೆ ಕಿಡಿ ಮತ್ತು ದಪ್ಪ ಬೂದಿಯನ್ನು ತಡೆಯುತ್ತದೆ. ಸೂಕ್ಷ್ಮ ಕಣಗಳು ಎಳೆಗಳ ನಡುವೆ ನುಸುಳುತ್ತವೆ. ಕಾರ್ಬನ್ ಮೋನಾಕ್ಸೈಡ್ ಅನಿಲ, ಅದಕ್ಕೆ ಬಟ್ಟೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಜ್ವಾಲೆಯ ಹತ್ತಿರ ಒದ್ದೆ ಬಟ್ಟೆಯ ನೀರು ಆವಿಯಾಗಿ ಮುಖ ಬೇಯುವ ಅಪಾಯವೂ ಉಂಟು. ಎನ್95 ಮುಖಗವಸು ಸರಿಯಾಗಿ ಕೂತರೆ ಸೂಕ್ಷ್ಮ ಕಣಗಳಲ್ಲಿ ಶೇಕಡ 95ರಷ್ಟನ್ನು ತಡೆಯಬಲ್ಲದು, ಅನಿಲಗಳನ್ನು ತಡೆಯದು. ಏದುಸಿರು ಬಿಡುವಾಗ ಅದನ್ನು ಧರಿಸಿರುವುದೂ ಕಷ್ಟ.

ಆದ್ದರಿಂದ ಮುಖಗವಸು ಕೊನೆಯ ರಕ್ಷಣೆ. ಮೊದಲ ರಕ್ಷಣೆ ಕೆಲಸದ ಕ್ರಮದಲ್ಲಿದೆ. ಗಾಳಿ ಬರುವ ಕಡೆಯಿಂದ ಕೆಲಸ ಮಾಡುವುದು, ದಟ್ಟ ಹೊಗೆಯ ಜಾಗದಲ್ಲಿ ಪಾಳಿಯ ಮೇಲೆ ಜನರನ್ನು ಬದಲಿಸುವುದು, ಅಂಚಿನಿಂದ ದೂರವಿರುವ ಕೆಂಡವನ್ನು ತಾನಾಗಿ ಆರಲು ಬಿಡುವುದು, ವಿಶ್ರಾಂತಿಯ ಜಾಗವನ್ನು ಎತ್ತರದಲ್ಲಿ ಆರಿಸುವುದು. ಬಟ್ಟೆಯ ವಿಷಯದಲ್ಲೂ ವಿಜ್ಞಾನವಿದೆ. ಪಾಲಿಯೆಸ್ಟರ್ ಸುಮಾರು 250 ಡಿಗ್ರಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ತೋಳು ತುಂಬ ಇರುವ ದಪ್ಪ ಹತ್ತಿ ಬಟ್ಟೆ ಮೇಲು.

ಮುಂಚೆ, ನಡುವೆ, ನಂತರ

ಬೆಂಕಿಯ ಕಾಲಕ್ಕೆ ಮುಂಚೆ, ಡಿಸೆಂಬರಿನಲ್ಲೇ, ಕಾವಲುಗಾರರೆಲ್ಲರ ರಕ್ತದೊತ್ತಡ, ಸಕ್ಕರೆ, ಹೃದಯ ಮತ್ತು ಶ್ವಾಸಕೋಶದ ತಪಾಸಣೆ ಆಗಬೇಕು. ತಾಲ್ಲೂಕು ಆಸ್ಪತ್ರೆಗಳಿವೆ. ಹಾಸನದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ಊದಿ ಅಳೆಯುವ ದೊಡ್ಡ ಯಂತ್ರ ಇಲ್ಲದ ಕಡೆಯೂ ಪೀಕ್ ಫ್ಲೋ ಮೀಟರ್ ಎಂಬ ಅಗ್ಗದ ಕೊಳವೆಯಿಂದ ಉಸಿರಿನ ವೇಗ ಅಳೆಯಬಹುದು. ಕೆಲಸಕ್ಕೆ ಹೋಗುವ ಮುನ್ನ ಮತ್ತು ಬಂದ ಮೇಲೆ ಊದಿಸಿ, ಅವರವರ ಅಂಕಿಯನ್ನು ಅವರದೇ ಹಿಂದಿನ ಅಂಕಿಯೊಂದಿಗೆ ಹೋಲಿಸಬೇಕು. ಇಳಿಕೆ ಮರುದಿನವೂ ಹಾಗೇ ಉಳಿದರೆ ವೈದ್ಯರಿಗೆ ತೋರಿಸಬೇಕು.

ಕೆಲಸದ ನಡುವೆ ನಾಲ್ಕು ಸಂಗತಿಗಳು ಖಚಿತವಾಗಿರಬೇಕು: ಬೆಂಕಿಯ ಮೇಲೆ ಕಣ್ಣಿಟ್ಟ ಕಾವಲುಗಾರ, ಎಲ್ಲರಿಗೂ ಕೇಳುವ ಸಂಪರ್ಕ, ತಪ್ಪಿಸಿಕೊಳ್ಳುವ ದಾರಿ, ಸುರಕ್ಷಿತ ಜಾಗ. ಅಮೆರಿಕದ ಕಾಡ್ಗಿಚ್ಚು ತಜ್ಞ ಪಾಲ್ ಗ್ಲೀಸನ್ 1991ರಲ್ಲಿ ಈ ನಾಲ್ಕನ್ನೂ ಒಂದು ಸೂತ್ರವಾಗಿ ಕಟ್ಟಿಕೊಟ್ಟ. ಗಾಳಿಯಿಲ್ಲದ ಸಮತಟ್ಟಿನಲ್ಲಿ ಸುರಕ್ಷಿತ ಜಾಗ ಜ್ವಾಲೆಯ ಎತ್ತರದ ಕನಿಷ್ಠ ನಾಲ್ಕು ಪಟ್ಟು ದೂರವಿರಬೇಕು. ಇಳಿಜಾರು ಮತ್ತು ಗಾಳಿ ಇದ್ದರೆ ಇನ್ನೂ ಹೆಚ್ಚು.

ನಂತರದ ಕೆಲಸ ದಾಖಲೆ. ಭಾರತೀಯ ಅರಣ್ಯ ಸಮೀಕ್ಷೆ 2004ರಿಂದ ಉಪಗ್ರಹದ ನೆರವಿನಿಂದ ಬೆಂಕಿಯ ಎಚ್ಚರಿಕೆ ಕೊಡುತ್ತಿದೆ. ಈಗಿನ ಒಂದು ಸಂವೇದಕ 375 ಮೀಟರ್ ಅಗಲದ ಚೌಕದಷ್ಟು ನಿಖರವಾಗಿ ಬೆಂಕಿಯ ತಾಣ ತೋರಿಸುತ್ತದೆ. ಕಾಡು ಎಲ್ಲಿ, ಎಷ್ಟು ಹೊತ್ತಿಗೆ ಸುಟ್ಟಿತು ಎಂದು ಬಾಹ್ಯಾಕಾಶದಿಂದ ತಿಳಿಯುತ್ತದೆ. ಅದರ ಮುಂದೆ ನಿಂತವರು ಎಷ್ಟು ಹೊತ್ತು ಹೊಗೆ ಕುಡಿದರು ಎಂಬುದನ್ನು ನೆಲದ ಮೇಲಿರುವವರೇ ಬರೆದಿಡಬೇಕು. ಕೂಲಿಯ ಹಾಜರಿ ಪುಸ್ತಕಕ್ಕೆ ಮೂರು ಅಂಕಣ ಸೇರಿಸಿದರೆ ಸಾಕು: ಹೊಗೆಯಲ್ಲಿ ಕಳೆದ ಗಂಟೆ, ಮಾಡಿದ ಕೆಲಸದ ಬಗೆ, ಕೆಲಸದ ನಂತರದ ತೊಂದರೆ. ಹತ್ತು ವರ್ಷಗಳ ಮೇಲೆ ಯಾರಿಗಾದರೂ ದಮ್ಮು ಹತ್ತಿದರೆ ಅದರ ಕಾರಣವನ್ನು ಹುಡುಕಲು ವೈದ್ಯರಿಗೂ, ಪರಿಹಾರ ಕೇಳಲು ಆ ಕೆಲಸಗಾರನಿಗೂ ಆಧಾರವಾಗುವುದು ಈ ಮೂರು ಅಂಕಣಗಳೇ.

ಶಾಲೆಯಲ್ಲಿ ಮಾಡಿ ನೋಡಿ

1. ಮೂರು ಥರ್ಮಾಮೀಟರ್ ತೆಗೆದುಕೊಳ್ಳಿ. ಒಂದರ ಬಲ್ಬಿಗೆ ಒದ್ದೆ ಹತ್ತಿಬಟ್ಟೆ ಸುತ್ತಿ. ಮೂರನೆಯದನ್ನು ಕಪ್ಪು ಬಳಿದ ತೆಳುವಾದ ತಗಡಿನ ಡಬ್ಬಿಯೊಳಗೆ ಇಳಿಸಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಪ್ರತಿದಿನ ಮಧ್ಯಾಹ್ನ 2 ಗಂಟೆಗೆ ಸೂಚ್ಯಂಕ ಲೆಕ್ಕ ಹಾಕಿ ನಕ್ಷೆ ಬರೆಯಿರಿ. ಡಬ್ಬಿ ಪ್ರಮಾಣಿತ ಗೋಳವಲ್ಲ, ಆದರೆ ಏರಿಳಿತ ತಿಳಿಯಲು ಸಾಕು. ಅರಕಲಗೂಡಿನ ಶಾಲೆ ಮತ್ತು ಚನ್ನರಾಯಪಟ್ಟಣದ ಶಾಲೆ ತಮ್ಮ ನಕ್ಷೆಗಳನ್ನು ಹೋಲಿಸಿಕೊಳ್ಳಲಿ.

2. ಶಿಕ್ಷಕರ ಎದುರಿನಲ್ಲಿ ಊದುಬತ್ತಿ ಹಚ್ಚಿ, ಅದರ ಹೊಗೆಯ ದಾರಿಗೆ ಒಂದು ಪದರ, ನಾಲ್ಕು ಪದರ, ಒದ್ದೆ ಮಾಡಿದ ನಾಲ್ಕು ಪದರ ಟವೆಲ್ ಹಿಡಿದು ನೋಡಿ. ಆಚೆ ಕಡೆ ವಾಸನೆ ಬರುತ್ತದೆಯೇ ಎಂದು ಬರೆದುಕೊಳ್ಳಿ.

3. ನಿಮ್ಮ ಊರಿನ ಹತ್ತಿರದ ಗುಡ್ಡವನ್ನು ದೂರದಿಂದಲೇ ನೋಡಿ ಇಳಿಜಾರು, ಹುಲ್ಲು, ದಾರಿ, ನೀರಿನ ಜಾಗಗಳನ್ನು ಗುರುತಿಸಿ ಅಪಾಯದ ಅಂಕಪಟ್ಟಿ ತಯಾರಿಸಿ. ಪಟ್ಟಿಯನ್ನು ಗ್ರಾಮ ಪಂಚಾಯಿತಿಗೂ ಅರಣ್ಯ ಕಚೇರಿಗೂ ಕೊಡಿ.

ವಿದ್ಯಾರ್ಥಿಗಳು ಯಾವ ಕಾರಣಕ್ಕೂ ಬೆಂಕಿಯ ಬಳಿಗೆ ಹೋಗಬಾರದು. ಹೊಗೆ ಕಂಡ ಕೂಡಲೇ 101 ಅಥವಾ 112ಕ್ಕೆ ಕರೆ ಮಾಡಿ, ಜಾಗವನ್ನು ಸ್ಪಷ್ಟವಾಗಿ ತಿಳಿಸುವುದು ಅವರ ಪಾಲಿನ ಕೆಲಸ.

ಕಾಡ್ಗಿಚ್ಚು ಆರಿದ ಮೇಲೆ ಎಷ್ಟು ಎಕರೆ ಸುಟ್ಟಿತು, ಎಷ್ಟು ಮರ ಹೋಯಿತು ಎಂದು ನಾವು ಎಣಿಸುತ್ತೇವೆ. ಅದರ ಜೊತೆಗೆ ಎಷ್ಟು ಜನ, ಎಷ್ಟು ಗಂಟೆ, ಎಂಥ ಗಾಳಿಯಲ್ಲಿ ದುಡಿದರು ಎಂಬುದನ್ನೂ ಎಣಿಸಬೇಕು. ಅಳೆದದ್ದನ್ನು ಮಾತ್ರ ತಗ್ಗಿಸಲು ಸಾಧ್ಯ. ಮುಂದಿನ ಬೇಸಗೆ ಬರುವ ಮುನ್ನ ನಿಮ್ಮ ಊರಿನ ಬೆಂಕಿ ಕಾವಲುಗಾರರೊಬ್ಬರನ್ನು ಶಾಲೆಗೆ ಕರೆಸಿ, ಅವರ ಒಂದು ದಿನದ ಕೆಲಸವನ್ನು ಕೇಳಿ ತಿಳಿಯಿರಿ. ಮೇಲಿನ ಸೂತ್ರದಲ್ಲಿ ತುಂಬಬೇಕಾದ ಅಂಕಿಗಳು ಅವರ ಮಾತಿನಲ್ಲೇ ಸಿಗುತ್ತವೆ.